ಲಿಂಕ್ ಸಾಲದು, ಪಾಠ ಹೇಗೆ ನಡೆಯಿತೆಂದೂ ಬರೆಯಬೇಕು: ತರಗತಿಯ ತಂತ್ರಜ್ಞಾನವನ್ನು ಶಿಕ್ಷಕರು ಹಂಚಿಕೊಳ್ಳುವ ಬಗೆ

ವಿಜ್ಞಾನ ಶಿಕ್ಷಕಿ, ಹೊಳಲ್ಕೆರೆ ತಾಲ್ಲೂಕು

ಶಾಲೆಗಳು ಆರಂಭವಾಗುವ ಹೊತ್ತಿಗೆ ನಮ್ಮ ವಿಜ್ಞಾನ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಲಿಂಕುಗಳ ಸುರಿಮಳೆಯಾಗುತ್ತದೆ. ಆ್ಯಪ್, ವಿಡಿಯೊ, ಪಿಡಿಎಫ್, ಪಿಪಿಟಿ ಎಲ್ಲವೂ ಬರುತ್ತವೆ, ಅವುಗಳ ಕೆಳಗೆ ಕೈಮುಗಿದ ಚಿಹ್ನೆಗಳು ಸಾಲುಗಟ್ಟುತ್ತವೆ, ವಾರ ಕಳೆಯುವುದರೊಳಗೆ ಹುಟ್ಟುಹಬ್ಬದ ಶುಭಾಶಯಗಳ ಅಡಿಯಲ್ಲಿ ಎಲ್ಲವೂ ಹೂತುಹೋಗುತ್ತವೆ. ಹಂಚಿಕೊಂಡದ್ದನ್ನು ತರಗತಿಯಲ್ಲಿ ಬಳಸಿದವರು ಯಾರು, ಬಳಸಿದಾಗ ಏನಾಯಿತು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ನನಗೆ ಬೇಕಾಗಿರುವುದು ಅದೇ.

ಒಂದು ಉದಾಹರಣೆ ಕೊಡುತ್ತೇನೆ. ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಎಂಬ ಅನುಕರಣೆಗಳ (ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡುವ ಸಿಮ್ಯುಲೇಷನ್‌ಗಳ) ಸಂಗ್ರಹ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿದೆ. ಅದರಲ್ಲಿರುವ ವಿದ್ಯುನ್ಮಂಡಲ ಕಟ್ಟುವ ಪುಟದ ಲಿಂಕ್ ಪ್ರತಿವರ್ಷವೂ ನನಗೆ ಬರುತ್ತದೆ. ಆದರೆ ಆ ಪುಟವನ್ನು ಒಂದೇ ಕಡತವಾಗಿ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕೊಠಡಿಯಲ್ಲಿಯೂ ಬ್ರೌಸರಿನಲ್ಲಿ ತೆರೆಯುತ್ತದೆ ಎಂಬುದನ್ನು ಲಿಂಕ್ ಹೇಳುವುದಿಲ್ಲ. ತಂತಿಯಲ್ಲಿ ಚಲಿಸುವ ನೀಲಿ ಗುಂಡುಗಳು ಎಲೆಕ್ಟ್ರಾನುಗಳಾದ್ದರಿಂದ ಅವು ಪುಸ್ತಕದ ಬಾಣದ ಗುರುತಿಗೆ ವಿರುದ್ಧವಾಗಿ ಹೋಗುತ್ತವೆ, ಹತ್ತನೇ ತರಗತಿಯ ಮಕ್ಕಳು ಮೊದಲು ಕೇಳುವುದೇ ಅದನ್ನು, ಆಗ ಸಾಂಪ್ರದಾಯಿಕ ವಿದ್ಯುತ್ ಪ್ರವಾಹದ ಗುಂಡಿಯನ್ನು ಒತ್ತಿ ದಿಕ್ಕು ಬದಲಾಗುವುದನ್ನು ತೋರಿಸಬೇಕು ಎಂಬುದನ್ನೂ ಅದು ಹೇಳುವುದಿಲ್ಲ. ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ತಂತಿಯಿಂದ ಜೋಡಿಸಿದರೆ ಪರದೆಯ ಮೇಲೆ ಬ್ಯಾಟರಿಗೆ ಬೆಂಕಿ ಹತ್ತುತ್ತದೆ. ಒಬ್ಬ ಹುಡುಗ ಇದನ್ನು ಕಂಡುಕೊಂಡರೆ ಸಾಕು, ಉಳಿದ ಅವಧಿಯೆಲ್ಲ ಬೆಂಕಿ ಹಚ್ಚುವುದರಲ್ಲೇ ಮುಗಿಯುತ್ತದೆ. ಹೀಗಾಗಿ ಬೆಂಕಿಯನ್ನು ನಾನೇ ಮೊದಲು ತೋರಿಸಿ, ಏಕೆ ಹತ್ತಿತೆಂದು ಕೇಳಿ, ರೋಧದ ಪಾಠವನ್ನು ಅಲ್ಲಿಂದಲೇ ಆರಂಭಿಸುತ್ತೇನೆ. ಸಹೋದ್ಯೋಗಿಯೊಬ್ಬರಿಗೆ ಲಿಂಕಿಗಿಂತ ಈ ನಾಲ್ಕು ವಾಕ್ಯಗಳು ಹೆಚ್ಚು ಉಪಯುಕ್ತವೆಂದು ನಾನು ನಂಬಿದ್ದೇನೆ. ಇಂಥವನ್ನು ಬರೆದಿಡುವ ಅಭ್ಯಾಸ ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ನಮ್ಮಲ್ಲಿ ಏಕೆ ಬೆಳೆದಿಲ್ಲ, ಬೆಳೆಸುವುದು ಹೇಗೆ ಎಂದು ತಮ್ಮೆಲ್ಲರ ಅಭಿಪ್ರಾಯ ಕೇಳಬಯಸುತ್ತೇನೆ.

ಗಣಿತ ಶಿಕ್ಷಕ, ಹರಿಹರ

ಮೇಡಂ, ತಾವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಬರೆಯಲು ಸಮಯ ಎಲ್ಲಿದೆ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕಾದ್ದರಿಂದ ನಾನೇ ಕೇಳುತ್ತಿದ್ದೇನೆ. ಸ್ಯಾಟ್ಸ್ ಜಾಲತಾಣದಲ್ಲಿ ಮಕ್ಕಳ ವಿವರ, ಯು-ಡೈಸ್ ಜಾಲತಾಣಕ್ಕೆ ಶಾಲೆಯ ಮಾಹಿತಿ, ಬಿಸಿಯೂಟದ ಲೆಕ್ಕ, ಹಾಲು ಮತ್ತು ಮೊಟ್ಟೆಯ ಲೆಕ್ಕ, ಇವೆಲ್ಲವನ್ನೂ ತುಂಬಿಸಿದ ಮೇಲೆ ಸಂಜೆ ಮತ್ತೊಂದು ಪರದೆಯ ಮುಂದೆ ಕುಳಿತುಕೊಳ್ಳಿ ಎಂದರೆ ಕೈಗಳು ಏಳುವುದಿಲ್ಲ.

ನಾನು ಕಂಡುಕೊಂಡಿರುವ ದಾರಿ ಧ್ವನಿ ಟೈಪಿಂಗ್. ಮೊಬೈಲಿನ ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡವನ್ನು ಆರಿಸಿ, ಮೈಕಿನ ಗುರುತನ್ನು ಒತ್ತಿ ಮಾತನಾಡಿದರೆ ಅಕ್ಷರಗಳು ತಾವಾಗಿ ಮೂಡುತ್ತವೆ. ಪೂರ್ಣವಿರಾಮಗಳನ್ನು ನಾವೇ ಹಾಕಬೇಕಾಗುತ್ತದೆ, ಪಾರಿಭಾಷಿಕ ಪದಗಳು ಕೆಲವೊಮ್ಮೆ ವಿಚಿತ್ರ ರೂಪ ತಾಳುತ್ತವೆ, ಆದರೂ ಅವಧಿ ಮುಗಿದ ಕೂಡಲೇ ಸಿಬ್ಬಂದಿ ಕೊಠಡಿಯಲ್ಲಿ ಕುಳಿತು ಹೇಳಿಬಿಟ್ಟರೆ ಮನೆಗೆ ಕೆಲಸ ಉಳಿಯುವುದಿಲ್ಲ.

ಗಣಿತದಿಂದ ಒಂದು ಅನುಭವವನ್ನು ಸೇರಿಸುತ್ತೇನೆ. 2001ರಲ್ಲಿ ಮಾರ್ಕಸ್ ಹೊಹೆನ್‌ವಾರ್ಟರ್ ಆರಂಭಿಸಿದ ಜಿಯೊಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಭುಜವೊಂದನ್ನು ರಚಿಸಿ, ಶೃಂಗವನ್ನು ಎಳೆದಾಡಿ, ಒಳಕೋನಗಳ ಮೊತ್ತ ಬದಲಾಗುವುದಿಲ್ಲವೆಂದು ತೋರಿಸುವುದು ಎಲ್ಲರಿಗೂ ಗೊತ್ತಿರುವ ಚಟುವಟಿಕೆ. ಆದರೆ ಪರದೆಯ ಮೇಲೆ ಕಾಣುವ ಮೂರು ಕೋನಗಳನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ಕೂಡಿದಾಗ ಕೆಲವೊಮ್ಮೆ 180.01 ಅಥವಾ 179.99 ಬರುತ್ತದೆ, ಏಕೆಂದರೆ ತಂತ್ರಾಂಶವು ಪ್ರತಿಯೊಂದು ಕೋನವನ್ನೂ ಬೇರೆಬೇರೆಯಾಗಿ ಎರಡು ದಶಮಾಂಶ ಸ್ಥಾನಗಳಿಗೆ ಅಂದಾಜಿಸಿ ತೋರಿಸುತ್ತದೆ. ಮುಂಚಿತವಾಗಿ ಗೊತ್ತಿಲ್ಲದ ಶಿಕ್ಷಕರು ಅಲ್ಲಿ ತಬ್ಬಿಬ್ಬಾಗುತ್ತಾರೆ. ಗೊತ್ತಿದ್ದವರು ಅದೇ ಅವಧಿಯಲ್ಲಿ ಅಂದಾಜಿಸುವಿಕೆಯ ಪಾಠವನ್ನೂ ಮಾಡಿ ಮುಗಿಸುತ್ತಾರೆ. ಈ 180.01 ಎಂಬ ಸಂಗತಿಯನ್ನು ನಾನು ತರಬೇತಿಯ ಯಾವ ಕೈಪಿಡಿಯಲ್ಲೂ ನೋಡಿಲ್ಲ.

ಪ್ರಾಥಮಿಕ ಶಾಲಾ ಶಿಕ್ಷಕ, ಜಗಳೂರು ತಾಲ್ಲೂಕು

ಹಿರಿಯರು ಕ್ಷಮಿಸಬೇಕು, ಈ ಚರ್ಚೆ ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯೊಳಗೇ ನಡೆಯುತ್ತಿರುವಂತೆ ಕಾಣುತ್ತದೆ. ನಲಿ-ಕಲಿ ತರಗತಿಯಲ್ಲಿ ಮೂರು ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡಿರುವ ನನ್ನಂಥವರ ಬಳಿ ಇರುವ ತಂತ್ರಜ್ಞಾನವೆಂದರೆ ಜೇಬಿನಲ್ಲಿರುವ ಮೊಬೈಲ್ ಒಂದೇ. ಪ್ರೊಜೆಕ್ಟರ್ ಇಲ್ಲ, ಇರುವ ಶಾಲೆಗಳಲ್ಲಿ ವಿದ್ಯುತ್ ಇದ್ದಾಗ ಯುಪಿಎಸ್ ಕೈಕೊಡುತ್ತದೆ, ಯುಪಿಎಸ್ ಸರಿಯಿದ್ದಾಗ ಹಳೆಯ ಪ್ರೊಜೆಕ್ಟರಿನ ವಿಜಿಎ ಕೇಬಲ್ಲಿಗೆ ಹೊಸ ಲ್ಯಾಪ್‌ಟಾಪಿನಲ್ಲಿ ತೂತೇ ಇರುವುದಿಲ್ಲ.

ಆ ಒಂದೇ ಮೊಬೈಲಿನಿಂದ ನಾನು ಮಾಡುವುದು ಇಷ್ಟು. ಮಗು ಓದುವುದನ್ನು ಧ್ವನಿಮುದ್ರಿಸಿ ಅದಕ್ಕೇ ಕೇಳಿಸುತ್ತೇನೆ. ತನ್ನ ದನಿಯನ್ನು ಕೇಳಿದ ಮಗು ಮೊದಲು ನಗುತ್ತದೆ, ಎರಡನೆಯ ಸಲ ಕೇಳುವಾಗ ತಾನು ಒತ್ತಕ್ಷರದ ಮುಂದೆ ನಿಂತದ್ದನ್ನು ತಾನೇ ಗುರುತಿಸುತ್ತದೆ. ಕೆಲವು ವಾರಗಳ ನಂತರ ಅದೇ ಪುಟವನ್ನು ಮತ್ತೆ ಓದಿಸಿ ಎರಡೂ ಮುದ್ರಿಕೆಗಳನ್ನು ಒಂದರ ಹಿಂದೆ ಒಂದು ಕೇಳಿಸಿದರೆ ಪೋಷಕರಿಗೆ ಪ್ರಗತಿಪತ್ರದ ವಿವರಣೆಯೇ ಬೇಕಾಗುವುದಿಲ್ಲ. ಕಡತದ ಹೆಸರಿನಲ್ಲಿ ದಿನಾಂಕವನ್ನೂ ಮಗುವಿನ ಹಾಜರಿ ಸಂಖ್ಯೆಯನ್ನೂ ಬರೆದಿಡದಿದ್ದರೆ ಯಾವುದು ಯಾರದೆಂದು ತಿಳಿಯದೆ ಒದ್ದಾಡಬೇಕಾಗುತ್ತದೆ.

ಆದರೆ ನನ್ನ ಮುಖ್ಯ ಆಕ್ಷೇಪ ಬೇರೆಯದು. ಕೆಲಸ ಕೆಟ್ಟದ್ದನ್ನೂ ಬರೆಯಿರಿ ಎಂದು ಹೇಳುವುದು ಸುಲಭ. ಸ್ಮಾರ್ಟ್ ಕ್ಲಾಸಿನ ಉಪಕರಣ ಮೂಲೆ ಸೇರಿದೆ ಎಂದು ನಾನು ಬರೆದ ಮರುದಿನ ಕಾರಣ ಕೇಳಿ ಪತ್ರ ಬಂದರೆ ಉತ್ತರ ಕೊಡುವವರು ಯಾರು? ಈ ಅಂಜಿಕೆ ಇರುವವರೆಗೆ ಎಲ್ಲರೂ ಹೂಮಾಲೆ, ರಿಬ್ಬನ್ ಮತ್ತು ಚಪ್ಪಾಳೆಯ ಚಿತ್ರಗಳನ್ನಷ್ಟೇ ಹಂಚಿಕೊಳ್ಳುತ್ತಾರೆ.

ನಿವೃತ್ತ ಮುಖ್ಯ ಶಿಕ್ಷಕ, ದಾವಣಗೆರೆ

ಜಗಳೂರಿನ ಗುರುಗಳ ಅಂಜಿಕೆ ನಿಜವಾದದ್ದು, ಅದನ್ನು ತಳ್ಳಿಹಾಕಬಾರದು. ಸುತ್ತಲಿನ ಕೆಲವು ಶಾಲೆಗಳು ಸೇರಿದ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ನಾನು ಕಂಡಂತೆ, ವೇದಿಕೆಯ ಮುಂದೆ ಎಲ್ಲರ ಪಾಠವೂ ಯಶಸ್ವಿಯಾಗಿರುತ್ತಿತ್ತು, ಊಟದ ಸಾಲಿನಲ್ಲಿ ನಿಂತಾಗ ಮಾತ್ರ ನಿಜ ಹೊರಬರುತ್ತಿತ್ತು. ಶಾಲೆಯ ಹೆಸರನ್ನು ಬಿಟ್ಟು ಬರೆಯುವುದು ಇದಕ್ಕೆ ಸರಳ ಪರಿಹಾರ. ಒಬ್ಬ ಓದುಗ ಶಿಕ್ಷಕರಿಗೆ ಬೇಕಾದದ್ದು ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಉಪಕರಣ ಯಾವುದು, ನೆಟ್‌ವರ್ಕ್ ಇತ್ತೇ ಎಂಬುದು. ಶಾಲೆ ಯಾವುದೆಂಬುದು ಅವರಿಗೆ ಬೇಕಾಗಿಲ್ಲ.

ಇದಕ್ಕೊಂದು ಹಿನ್ನೆಲೆಯೂ ಇದೆ. ನಮ್ಮ ರಾಜ್ಯದಲ್ಲಿ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಂದಿಗೆ ಸೇರಿ ವಿಷಯ ಶಿಕ್ಷಕರ ವೇದಿಕೆಯನ್ನು ಕಟ್ಟಿತು, ಅದರ ಜೊತೆಗೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ವಿಕಿಯೂ ರೂಪುಗೊಂಡಿತು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ಅದು ನಿಂತಿದೆ. 2017ರ ಶಿಕ್ಷಕರ ದಿನದಂದು ಪಾಠದ ವಿಡಿಯೊ ಮತ್ತಿತರ ಸಾಮಗ್ರಿ ಸಿಗುವ ದೀಕ್ಷಾ ಎಂಬ ಸರ್ಕಾರಿ ಅಂತರ್ಜಾಲ ವೇದಿಕೆ ಬಂತು, ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಮುದ್ರಣವಾಗತೊಡಗಿತು. ಕೋವಿಡ್ ಕಾಲದಲ್ಲಿ ಚಂದನ ವಾಹಿನಿಯ ಪಾಠಗಳು ಬಂದವು, ಶಾಲೆ ಮುಚ್ಚಿದ್ದಾಗ ಊರಿನಲ್ಲೇ ಪಾಠ ನಡೆಸಿದ ವಿದ್ಯಾಗಮ ಯೋಜನೆಯಲ್ಲಿ ಗುಡಿಯ ಕಟ್ಟೆ, ಅರಳಿಮರದ ನೆರಳುಗಳೇ ತರಗತಿಗಳಾದವು. ಸಾಮಗ್ರಿಗೆ ಈಗ ಬರವಿಲ್ಲ. ದೀಕ್ಷಾದ ಒಂದು ವಿಡಿಯೊವನ್ನು ಎಲ್ಲಿ ನಿಲ್ಲಿಸಿ ಮಕ್ಕಳಿಗೆ ಏನು ಕೇಳಬೇಕೆಂಬ ಮಾತಿಗೆ ಬರವಿದೆ.

ಇನ್ನೊಂದು ಸೂಚನೆ. ಬ್ಲಾಗ್ ಆಗಲಿ ವಾಟ್ಸ್‌ಆ್ಯಪ್ ಆಗಲಿ ದಿನಾಂಕದ ಕ್ರಮದಲ್ಲಿ ಪೇರಿಸಿಕೊಳ್ಳುತ್ತ ಹೋಗುತ್ತದೆ. ಶಿಕ್ಷಕರು ಹುಡುಕುವುದಾದರೋ ಪಾಠದ ಹೆಸರಿನಿಂದ. ಆದ್ದರಿಂದ ಎಲ್ಲಿಯೇ ಬರೆದರೂ ಮೊದಲ ಸಾಲಿನಲ್ಲಿ ತರಗತಿ, ವಿಷಯ ಮತ್ತು ಪುಸ್ತಕದಲ್ಲಿರುವ ಪಾಠದ ಹೆಸರನ್ನು ಅಕ್ಷರಶಃ ಬರೆಯಬೇಕು. “ಇಂದಿನ ಒಂದು ಸುಂದರ ಅನುಭವ” ಎಂಬ ತಲೆಬರಹದ ಕೆಳಗೆ ಏನು ಅಡಗಿದೆಯೆಂದು ಮುಂದಿನ ಜೂನ್‌ನಲ್ಲಿ ಯಾರಿಗೂ ನೆನಪಿರುವುದಿಲ್ಲ.

ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಬರಹ ಮೊಬೈಲಿನಲ್ಲಿ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ಕಚೇರಿಯ ಸುತ್ತೋಲೆಗಳ ಅಭ್ಯಾಸದಿಂದ ಅನೇಕರು ಇಂದಿಗೂ ಹಾಗೆಯೇ ಬರೆಯುತ್ತಾರೆ. ಯೂನಿಕೋಡ್‌ನಲ್ಲಿ ಬರೆಯಿರಿ; ಹಳೆಯ ಟಿಪ್ಪಣಿಗಳಿದ್ದರೆ ಪರಿವರ್ತಕದಲ್ಲಿ ಹಾಕಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ಸರಿಪಡಿಸಿ.

ಸಮಾಜ ವಿಜ್ಞಾನ ಶಿಕ್ಷಕಿ, ಚಿತ್ರದುರ್ಗ

ತಂತ್ರಜ್ಞಾನ ಎಂದ ಕೂಡಲೇ ವಿಜ್ಞಾನ ಮತ್ತು ಗಣಿತದ ಮಾತೇ ಬರುತ್ತದೆ. ಇತಿಹಾಸಕ್ಕೆ ನಮ್ಮ ಜಿಲ್ಲೆಯಷ್ಟು ಶ್ರೀಮಂತ ಪ್ರಯೋಗಾಲಯ ಬೇರೆಲ್ಲಿದೆ? ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು, ನಗರದ ಮಗ್ಗುಲಲ್ಲೇ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ.

ಇಲ್ಲಿ ನೆರವಾಗುವ ಉಪಕರಣ ಮೊಬೈಲಿನ ಟಾರ್ಚ್. ಊರಿನ ಗುಡಿಯ ಮುಂದಿರುವ ಸವೆದ ವೀರಗಲ್ಲು ಅಥವಾ ಶಾಸನದ ಕಲ್ಲಿಗೆ ಎದುರಿನಿಂದ ಬೆಳಕು ಬಿಟ್ಟರೆ ಅಕ್ಷರಗಳು ಮತ್ತಷ್ಟು ಮಸುಕಾಗುತ್ತವೆ. ಮುಸ್ಸಂಜೆಯಲ್ಲಿ, ಅಥವಾ ಹಗಲಾದರೆ ಇಬ್ಬರು ಮಕ್ಕಳು ದಪ್ಪ ಕಂಬಳಿ ಹಿಡಿದು ನೆರಳು ಮಾಡಿದಾಗ, ಟಾರ್ಚನ್ನು ಕಲ್ಲಿನ ಮೈಗೆ ಹತ್ತಿರವಾಗಿ ಪಕ್ಕದಿಂದ ಓರೆಯಾಗಿ ಹಿಡಿದರೆ ಕೊರೆದ ಗೆರೆಗಳ ಅಂಚಿನಲ್ಲಿ ನೆರಳು ನಿಂತು ಅಕ್ಷರ ಎದ್ದು ಕಾಣುತ್ತದೆ. ಒಂದು ಚಿತ್ರವನ್ನು ಎಡಬದಿಯ ಬೆಳಕಿನಲ್ಲಿ, ಮತ್ತೊಂದನ್ನು ಮೇಲಿನ ಬೆಳಕಿನಲ್ಲಿ ತೆಗೆಯಬೇಕು, ಏಕೆಂದರೆ ಅಡ್ಡಗೆರೆಗಳು ಒಂದರಲ್ಲಿ ಕಂಡರೆ ಉದ್ದಗೆರೆಗಳು ಇನ್ನೊಂದರಲ್ಲಿ ಕಾಣುತ್ತವೆ. ಸೀಮೆಸುಣ್ಣ, ಹಿಟ್ಟು, ಅರಿಶಿನ ಬಳಿದು ಓದುವ ಹಳೆಯ ಚಟವನ್ನು ದಯವಿಟ್ಟು ಬಿಡಿ, ಕಲ್ಲು ಹಾಳಾಗುತ್ತದೆ.

ಹಂಚಿಕೊಳ್ಳುವ ವಿಷಯದಲ್ಲಿ ಎರಡು ಎಚ್ಚರಿಕೆಗಳು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಕೃತಿಯ ಭಾಗವನ್ನು ಪ್ರತಿ ಮಾಡಿ ಬಳಸುವುದಕ್ಕೆ ಅವಕಾಶ ಕೊಡುತ್ತದೆ. ವಿದ್ಯಾರ್ಥಿಗಳಿಗಾಗಿ ಪುಸ್ತಕಗಳ ಭಾಗಗಳನ್ನು ಜೆರಾಕ್ಸ್ ಮಾಡಿಕೊಟ್ಟದ್ದರ ವಿರುದ್ಧ ಪ್ರಕಾಶಕರು ಹೂಡಿದ ದೆಹಲಿ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಇದನ್ನು ಎತ್ತಿಹಿಡಿಯಿತು. ಆದರೆ ತರಗತಿಯೊಳಗಿನ ಬಳಕೆಗೆ ಇರುವ ಈ ಅವಕಾಶವನ್ನು ನೆಪ ಮಾಡಿಕೊಂಡು ಖಾಸಗಿ ಪ್ರಕಾಶಕರ ಗೈಡನ್ನು ಪೂರ್ತಿಯಾಗಿ ಸ್ಕ್ಯಾನ್ ಮಾಡಿ ಊರಿಗೆಲ್ಲ ಹಂಚುವುದು ಸರಿಯಲ್ಲ. ನಾವೇ ಬರೆದ ಟಿಪ್ಪಣಿಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ನಮೂದಿಸಿದರೆ ಇನ್ನೊಬ್ಬರು ಹೆಸರು ಹೇಳಿ ತಿದ್ದಿ ಬಳಸಲು ಹಾದಿಯಾಗುತ್ತದೆ.

ಎರಡನೆಯದು ಮಕ್ಕಳ ಚಿತ್ರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದ ಎಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ದತ್ತಾಂಶದ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಾಯ್ದೆ ಹಾಗಿರಲಿ, ನಮ್ಮ ಮನೆಯ ಮಗುವಿನ ಮುಖವನ್ನು ಯಾರೋ ಎಲ್ಲೆಡೆ ಹರಿಯಬಿಟ್ಟರೆ ನಾವು ಸುಮ್ಮನಿರುತ್ತೇವೆಯೇ? ಕಪ್ಪುಹಲಗೆ, ನೋಟ್‌ಬುಕ್, ಉಪಕರಣ ಹಿಡಿದ ಕೈಗಳು, ಇಷ್ಟರ ಚಿತ್ರ ಸಾಕು. ಜಗಳೂರಿನ ಸರ್ ಅವರ ಧ್ವನಿಮುದ್ರಿಕೆಗಳೂ ಮಗು, ಪೋಷಕರು ಮತ್ತು ಶಿಕ್ಷಕರ ನಡುವೆಯೇ ಉಳಿಯಬೇಕು, ಹಂಚಿಕೊಳ್ಳಬೇಕಾದದ್ದು ವಿಧಾನವನ್ನು.

ಹೊಸದಾಗಿ ಸೇರಿದ ಶಿಕ್ಷಕಿ, ಮೊಳಕಾಲ್ಮೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಹಿರಿಯರ ಮಾತುಗಳನ್ನು ಓದಿದ ಮೇಲೂ ಒಂದು ಟಿಪ್ಪಣಿ ಎಷ್ಟು ಉದ್ದವಿರಬೇಕು, ಅದರಲ್ಲಿ ಏನೇನಿರಬೇಕು ಎಂಬುದು ನನಗೆ ಸ್ಪಷ್ಟವಾಗಿಲ್ಲ. ಪಾಠ ಯೋಜನೆಯ ನಮೂನೆಯಂತೆ ಉದ್ದೇಶ, ಸಾಮರ್ಥ್ಯ, ಮೌಲ್ಯಮಾಪನ ಎಂಬ ಖಾನೆಗಳನ್ನು ತುಂಬಬೇಕೇ? ಯಾರಾದರೂ ನಿಜವಾದ ಒಂದು ಟಿಪ್ಪಣಿಯನ್ನು ಇಲ್ಲಿ ಹಾಕಿದರೆ ನಾನು ಅದನ್ನು ನೋಡಿಕೊಂಡು ಬರೆಯುತ್ತೇನೆ.

ವಿಜ್ಞಾನ ಶಿಕ್ಷಕಿ, ಹೊಳಲ್ಕೆರೆ ತಾಲ್ಲೂಕು

ಖಾನೆಗಳು ಖಂಡಿತ ಬೇಡ ಮೇಡಂ. ಖಾನೆ ಕಂಡ ಕೂಡಲೇ ನಮ್ಮ ಕೈ ತಾನಾಗಿ ಸುಳ್ಳು ಬರೆಯತೊಡಗುತ್ತದೆ. ಶೂನ್ಯ ನೆರಳಿನ ದಿನದ ಬಗ್ಗೆ, ಅಂದರೆ ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟಗೆ ನಿಂತ ವಸ್ತುವಿನ ನೆರಳು ಮಧ್ಯಾಹ್ನ ಕ್ಷಣಕಾಲ ಕಾಣದಾಗುವ ದಿನದ ಬಗ್ಗೆ, ನಾನು ಬರೆದಿಟ್ಟಿರುವ ಟಿಪ್ಪಣಿಯನ್ನು ಇಲ್ಲಿ ಕೊಡುತ್ತೇನೆ.

“ಪ್ರೌಢಶಾಲೆ, ವಿಜ್ಞಾನ, ಶೂನ್ಯ ನೆರಳಿನ ದಿನ. ಆಕಾಶವನ್ನು ಪರದೆಯ ಮೇಲೆ ತೋರಿಸುವ ಸ್ಟೆಲ್ಲೇರಿಯಂ ತಂತ್ರಾಂಶ, ಒಂದು ಲ್ಯಾಪ್‌ಟಾಪ್, ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವ ಪಿವಿಸಿ ಪೈಪಿನ ಮೊಳದುದ್ದದ ತುಂಡು. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ಸೂರ್ಯ ವರ್ಷಕ್ಕೆರಡು ಬಾರಿ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ನಮ್ಮ ಕಡೆ ಮೊದಲನೆಯದು ಏಪ್ರಿಲ್ ಕೊನೆಯಲ್ಲಿ ಬರುವುದರಿಂದ ಶಾಲೆಗೆ ರಜೆ ಇರುತ್ತದೆ. ಬಳಸಿಕೊಳ್ಳಬಹುದಾದದ್ದು ಆಗಸ್ಟ್ ಮಧ್ಯದ್ದು. ಸ್ಟೆಲ್ಲೇರಿಯಂನಲ್ಲಿ ಊರಿನ ಅಕ್ಷಾಂಶ, ರೇಖಾಂಶ ಕೊಟ್ಟು ಸೂರ್ಯನ ಮೇಲೆ ಕ್ಲಿಕ್ಕಿಸಿದರೆ ಅವನ ಎತ್ತರದ ಕೋನ ಕಾಣುತ್ತದೆ. ಆಗಸ್ಟ್ ತಿಂಗಳ ದಿನಾಂಕಗಳನ್ನು ಒಂದೊಂದಾಗಿ ಮುಂದೂಡುತ್ತ ಮಧ್ಯಾಹ್ನದ ಕೋನ 90 ಡಿಗ್ರಿಗೆ ಅತಿ ಹತ್ತಿರವಾಗುವ ದಿನವನ್ನು ಮಕ್ಕಳೇ ಹುಡುಕಬೇಕು. ಒಮ್ಮೆ ಇಳಿಸಿಕೊಂಡರೆ ಇದಕ್ಕೆ ಅಂತರ್ಜಾಲ ಬೇಡ.

ನಮ್ಮೂರಿನಲ್ಲಿ ನೆರಳು ಮಾಯವಾಗುವುದು ಸರಿಯಾಗಿ 12 ಗಂಟೆಗಲ್ಲ, ಸುಮಾರು 12:30ಕ್ಕೆ. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 76ರ ಆಸುಪಾಸಿನಲ್ಲಿ; ಒಂದು ಡಿಗ್ರಿಗೆ 4 ನಿಮಿಷದಂತೆ ಸುಮಾರು 25 ನಿಮಿಷ ತಡ, ಆ ದಿನಗಳಲ್ಲಿ ಸೂರ್ಯ ಗಡಿಯಾರಕ್ಕಿಂತ ಇನ್ನೂ ನಾಲ್ಕೈದು ನಿಮಿಷ ಹಿಂದಿರುತ್ತಾನೆ. 12 ಗಂಟೆಗೆ ಮಕ್ಕಳನ್ನು ಹೊರಗೆ ಕರೆದೊಯ್ದರೆ ನೆರಳು ಕಂಡು ನಿರಾಶರಾಗುತ್ತಾರೆ. ಪೈಪನ್ನು ಬಿಳಿ ಹಾಳೆಯ ಮೇಲೆ ನೆಟ್ಟಗೆ ನಿಲ್ಲಿಸಿದರೆ ಆ ಕ್ಷಣದಲ್ಲಿ ಬಿಸಿಲು ಒಳಗಿನ ಗೋಡೆಗೆ ತಾಗದೆ ತಳದವರೆಗೆ ಇಳಿದು ಹಾಳೆಯ ಮೇಲೆ ಪೂರ್ಣ ವೃತ್ತ ಬೀಳುತ್ತದೆ. ಬೆಳಕನ್ನು ಹಾಳೆಯ ಮೇಲಷ್ಟೇ ನೋಡಬೇಕು, ಪೈಪಿನೊಳಗಿಂದ ಮೇಲಕ್ಕೆ ಯಾರೂ ಕಣ್ಣು ಹಾಕದಂತೆ ಒಬ್ಬರು ಕಾಯಬೇಕು. ಮಕ್ಕಳ ಪ್ರಶ್ನೆ: ದೆಹಲಿಯಲ್ಲಿ ಯಾವಾಗ? ಉತ್ತರ: ಎಂದಿಗೂ ಇಲ್ಲ, ಅದು ಕರ್ಕಾಟಕ ವೃತ್ತದ ಉತ್ತರಕ್ಕಿದೆ.”

ಇಷ್ಟೇ. ಬಿಸಿಯೂಟದ ಗಂಟೆ ಅದೇ ಸಮಯಕ್ಕೆ ಹೊಡೆದರೆ ಪ್ರಯೋಗ ಅಲ್ಲಿಗೆ ಮುಗಿದಂತೆ, ಅಡುಗೆಯವರಿಗೆ ಮೊದಲೇ ಹೇಳಿಡಬೇಕು ಎಂಬುದನ್ನೂ ಈಗ ಸೇರಿಸುತ್ತೇನೆ.

ಗಣಿತ ಶಿಕ್ಷಕ, ಹರಿಹರ

ಈ ಟಿಪ್ಪಣಿಗೆ ಗಣಿತದ ಒಂದು ತುಣುಕನ್ನು ಜೋಡಿಸಬಹುದು. ಆ ದಿನಗಳಲ್ಲಿ ಸೂರ್ಯ ದಿನಕ್ಕೆ ಸುಮಾರು 0.3 ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿಯುತ್ತಾನೆ. ಒಂದು ದಿನ ತಪ್ಪಿದರೆ ಒಂದು ಮೀಟರ್ ಕೋಲಿನ ನೆರಳು ಐದು ಮಿಲಿಮೀಟರ್ ಮಾತ್ರ, ಅದು ಮಕ್ಕಳ ಕಣ್ಣಿಗೆ ಬೀಳುವುದಿಲ್ಲ. ಆರು ಮೀಟರಿನ ಧ್ವಜಸ್ತಂಭವಾದರೆ ನೆರಳು ಮೂರು ಸೆಂಟಿಮೀಟರ್ ಆಗುತ್ತದೆ, ಅಳೆಯಬಹುದು. ಹತ್ತನೇ ತರಗತಿಯ ತ್ರಿಕೋನಮಿತಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಪುಸ್ತಕದಲ್ಲಿಲ್ಲ. ಸ್ತಂಭ ನೆಟ್ಟಗಿದೆಯೇ ಎಂದು ಮೊದಲು ತೂಗುಗುಂಡಿನಿಂದ ಪರೀಕ್ಷಿಸಿ, ಬಹಳ ಶಾಲೆಗಳಲ್ಲಿ ಅದು ವಾಲಿರುತ್ತದೆ.

ಎರಡು ಜಿಲ್ಲೆಗಳನ್ನು ಸೇರಿಸಿ ಮಾಡಿದರೆ ಇನ್ನೂ ಚೆನ್ನ. ಮೊಳಕಾಲ್ಮೂರು ಉತ್ತರಕ್ಕಿರುವುದರಿಂದ ಅಲ್ಲಿ ಆಗಸ್ಟ್ 13ರ ಸುಮಾರಿಗೆ, ದಾವಣಗೆರೆ ಮತ್ತು ಜಗಳೂರಿನಲ್ಲಿ 14ಕ್ಕೆ, ಹೊಳಲ್ಕೆರೆ ಮತ್ತು ಚಿತ್ರದುರ್ಗದಲ್ಲಿ 15ಕ್ಕೆ, ಹಿರಿಯೂರಿನಲ್ಲಿ 15 ಅಥವಾ 16ಕ್ಕೆ ನೆರಳು ಮಾಯವಾಗುತ್ತದೆ. ವರ್ಷದಿಂದ ವರ್ಷಕ್ಕೆ ಒಂದು ದಿನ ಹಿಂದುಮುಂದಾಗಬಹುದು, ಅದನ್ನು ಸ್ಟೆಲ್ಲೇರಿಯಂನಲ್ಲಿ ನೋಡಿಕೊಂಡರಾಯಿತು.

ಪ್ರಾಥಮಿಕ ಶಾಲಾ ಶಿಕ್ಷಕ, ಜಗಳೂರು ತಾಲ್ಲೂಕು

ಪೈಪು ಮತ್ತು ಬಿಳಿ ಹಾಳೆ ನಮ್ಮಲ್ಲೂ ಇವೆ, ಲ್ಯಾಪ್‌ಟಾಪ್ ಇರುವವರು ದಿನಾಂಕ ಮತ್ತು ಸಮಯವನ್ನು ಹೇಳಿದರೆ ಸಾಕು. ಆಗಸ್ಟ್‌ನಲ್ಲಿ ಮೋಡ ಕವಿದರೆ ಏನು ಮಾಡುವುದೆಂದು ಮಾತ್ರ ಟಿಪ್ಪಣಿಯಲ್ಲಿಲ್ಲ. ನನ್ನ ಸಲಹೆಯೆಂದರೆ ಹಿಂದಿನ ಮತ್ತು ಮುಂದಿನ ಎರಡೆರಡು ದಿನಗಳನ್ನೂ ಸೇರಿಸಿಕೊಳ್ಳಬೇಕು. ಪೈಪಿನ ತಳದ ವೃತ್ತ ಆ ದಿನಗಳಲ್ಲಿ ತುಸು ಅರೆಯಾಗಿ ಕಂಡರೂ ಚಿಕ್ಕ ಮಕ್ಕಳಿಗೆ ಅದು ಅರ್ಥವಾಗುತ್ತದೆ.

ಹೊಸದಾಗಿ ಸೇರಿದ ಶಿಕ್ಷಕಿ, ಮೊಳಕಾಲ್ಮೂರು ತಾಲ್ಲೂಕು

ತುಂಬಾ ಧನ್ಯವಾದಗಳು. ಮೊದಲ ಸರದಿ ನಮ್ಮದೇ ಆಗುವುದರಿಂದ ನಮ್ಮ ಶಾಲೆಯ ಅಕ್ಷಾಂಶಕ್ಕೆ ಲೆಕ್ಕ ಹಾಕಿ, ದಿನಾಂಕವನ್ನೂ ಸಮಯವನ್ನೂ ಜುಲೈ ಕೊನೆಯೊಳಗೆ ಇಲ್ಲಿ ಬರೆಯುತ್ತೇನೆ. ಉಳಿದ ತಾಲ್ಲೂಕುಗಳವರು ತಮ್ಮ ತಮ್ಮ ಊರಿನದನ್ನು ಅದರ ಕೆಳಗೆ ಸೇರಿಸಿದರೆ ಲ್ಯಾಪ್‌ಟಾಪ್ ಇಲ್ಲದ ಶಾಲೆಗಳಿಗೂ ಸಿಗುತ್ತದೆ. ನಮ್ಮಲ್ಲಿ ಮೋಡವಿತ್ತೇ, ಮಕ್ಕಳು ಏನು ಕೇಳಿದರು ಎಂಬುದನ್ನು ಅದೇ ಸಂಜೆ ಧ್ವನಿ ಟೈಪಿಂಗ್‌ನಲ್ಲಿ ಹಾಕುತ್ತೇನೆ. ದಾವಣಗೆರೆ ಮತ್ತು ಜಗಳೂರಿನವರಿಗೆ ಮರುದಿನಕ್ಕೆ ಅದು ಬೇಕಾಗುತ್ತದೆ.